ಚೆಂಬೂರಿನ ಉತ್ತಪ್ಪ ಹೋದದ್ದೆಲ್ಲಿಗೆ?

ಒಂದು ಉತ್ತಪ್ಪಕ್ಕಾಗಿ ನೀವು ಅರ್ಧ ಗಂಟೆ ಕಾದಿದ್ದೀರಾ? ಕಳೆದ ಸೋಮವಾರ ನಾನು ಕಾದೆ. ಚೆಂಬೂರು ಸ್ಟೇಷನ್ ಹತ್ತಿರ, ಬಾಗಿಲು ತೆರೆಯುತ್ತಲೇ ನಾನು ಹಾಜರಾಗುವ ಆ ಹೋಟೆಲಿನಲ್ಲಿ.

ಕಾಯುತ್ತಾ ಕೂತವನಿಗೆ ಸಂಶಯ ಶುರುವಾಯಿತು. ಆರ್ಡರ್ ಕೊಟ್ಟಿದ್ದೇನೆ ತಾನೆ? (ಯೂನಿವರ್ಸಿಟಿಯಲ್ಲಿ ತತ್ವಶಾಸ್ತ್ರ ಓದಿ ಕಲಿತದ್ದು ಸಂಶಯಪಡುವುದೊಂದನ್ನೇ. ಆಗ ದೇವರ ಬಗ್ಗೆ ಇತ್ತು. ಈಗ ಮನೆಯ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂಬುದರ ಬಗ್ಗೆ.)

ವೇಟರ್ ಸದಾಶಿವಣ್ಣನನ್ನು ಕರೆದೆ. ಉಡುಪಿ ಕಡೆಯವರು. ಹತ್ತು ಟೇಬಲಿನ ಆರ್ಡರನ್ನು ತಲೆಯಲ್ಲೇ ಹೊತ್ತು, ಅಡುಗೆಮನೆ ಬಾಗಿಲಲ್ಲಿ ಒಂದೇ ಉಸಿರಿಗೆ ಕೂಗುತ್ತಿದ್ದವರು. ಅಂದು ಅವರ ಕೈಯಲ್ಲಿ ಟ್ಯಾಬ್. ಇನ್ನು ಕೂಗುವ ಹಾಗಿಲ್ಲ. ಒತ್ತಿದರೆ ಒಳಗಿನ ಪ್ರಿಂಟರಿನಲ್ಲಿ ಚೀಟಿ ಬರಬೇಕು. ಹೊಸ ಏರ್ಪಾಟಿನ ಮೊದಲ ದಿನ. ಮೊದಲ ಗಿರಾಕಿ ನಾನೇ.

"ಮೂರು ಸಲ ಒತ್ತಿದೆ ಮಾರಾಯ್ರೆ. ಒಳಗೆ ಚೀಟಿಯೇ ಬರ್ಲಿಲ್ಲ ಅಂತಾರೆ."

ಮಾಲೀಕ ಜಯರಾಮಣ್ಣ ಗಲ್ಲಾ ಬಿಟ್ಟು ಎದ್ದರು. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದರು. ಪೇಪರ್ ರೋಲ್ ಬದಲಾಯಿಸಿದರು. ವೈರ್ ಕಿತ್ತು ಚುಚ್ಚಿದರು. ಟೆಸ್ಟ್ ಬಟನ್ ಒತ್ತಿದರೆ, ಪ್ರಿಂಟರ್ ಗರಗರ ಎಂದು ಚೊಕ್ಕದೊಂದು ಚೀಟಿ ಕೊಟ್ಟಿತು! ಹಾಗಾದರೆ ತಪ್ಪು ಯಾರದು?

"ಪ್ರಿಂಟರ್ ಸರಿ ಉಂಟು, ನೆಟ್ ಸರಿ ಉಂಟು. ನೀವೇ ಒತ್ತಲಿಲ್ಲ ಸದಾಶಿವಣ್ಣ. ಮರೆವು ಜಾಸ್ತಿ ಆಯ್ತು ನಿಮಗೆ. ನಾಳೆಯಿಂದ ಪಾರ್ಸೆಲ್ ಕಟ್ಟಿ, ಸಾಕು."

ಸದಾಶಿವಣ್ಣನ ಮುಖ ಸಣ್ಣಗಾಯಿತು. "ನೀವು ನೋಡಿದ್ರಲ್ಲ? ಹೇಳಿ ಅವ್ರಿಗೆ," ಎಂದು ನನ್ನತ್ತ ತಿರುಗಿದರು.

ನೋಡಿದ್ದೆನೇ? "ಒತ್ತಿದ ಹಾಗೆ ನೆನಪು," ಎಂದೆ.

"ಇದೆಂಥ ಸಾಕ್ಷಿ ಮಾರಾಯ್ರೆ!" ಜಯರಾಮಣ್ಣ ನಕ್ಕರು. ಸದಾಶಿವಣ್ಣ ನಗಲಿಲ್ಲ.

ಆಗ ಜಯರಾಮಣ್ಣನ ಫೋನ್ ಬಾಯಿಬಿಟ್ಟಿತು. ಅವರದೇ ಪರೇಲ್ ಬ್ರಾಂಚಿನ ಅಡುಗೆಯವರು, ಸ್ಪೀಕರಿನಲ್ಲಿ. "ಅಣ್ಣಾ, ಟೇಬಲ್ ನಾಲ್ಕಕ್ಕೆ ಮೂರು ಉತ್ತಪ್ಪ ಮಾಡಿ ಇಟ್ಟಿದ್ದೇವೆ. ಮೂರರಲ್ಲೂ ಈರುಳ್ಳಿ ಬೇಡ ಅಂತ ಚೀಟಿ. ಟೇಬಲಲ್ಲಿ ಜನವೇ ಇಲ್ಲ!"

ಚೆಂಬೂರಿನ ಟೇಬಲ್ ನಾಲ್ಕರಲ್ಲಿ ಜನ ಇದ್ದ. ಹಸಿದಿದ್ದ.

ಈ ಸಾಫ್ಟ್‌ವೇರ್ ಹಾಕಿಸಿದ್ದು ಜಯರಾಮಣ್ಣನ ಮಗಳು ಪ್ರಿಯಾ. ಗಲ್ಲಾದ ಪಕ್ಕದಲ್ಲೇ ನಿಂತಿದ್ದವಳು ಇದನ್ನು ಕೇಳಿ ಹಣೆ ಚಚ್ಚಿಕೊಂಡಳು. "ಪಪ್ಪಾ, ಸರ್ವರ್ ಕಂಪ್ಯೂಟರ್ ಪರೇಲಲ್ಲಿ ಇದೆ ನಾ! ನಮ್ಮ ಟ್ಯಾಬ್ ಅದರ ಸ್ಕ್ರೀನ್ ತೋರಿಸ್ತದೆ, ಅಷ್ಟೇ. ಪ್ರಿಂಟ್ ಮಾಡೋದು ಸರ್ವರ್. ತೋ ಅದರ ಬಾಜೂ ಇರೋ ಪ್ರಿಂಟರಲ್ಲೇ ಬರ್ತದೆ."

ಅಂದರೆ, ಒತ್ತಿದ್ದು ಇಲ್ಲಿ, ಕೇಳಿಸಿದ್ದು ಅಲ್ಲಿ. ನಾವು ಅಷ್ಟು ಹೊತ್ತು ಬಿಚ್ಚಿ ನೋಡಿದ್ದು ಏನೂ ಅರಿಯದ ಪ್ರಿಂಟರನ್ನು. (ಮತ್ತು ಏನೂ ತಪ್ಪು ಮಾಡದ ಸದಾಶಿವಣ್ಣನನ್ನು.)

ಜಯರಾಮಣ್ಣ ಕೆಮ್ಮಿದರು. "ಇದು ಸರಿಯಾಗುವವರೆಗೆ ಟ್ಯಾಬ್ ಬೇಡ. ನೀವು ಕೂಗಿ."

ಸದಾಶಿವಣ್ಣ ಅಡುಗೆಮನೆ ಬಾಗಿಲಲ್ಲಿ ನಿಂತು, ಪರೇಲಿಗೂ ಕೇಳಿಸಲಿ ಎಂಬಂತೆ ಕೂಗಿದರು: "ನಾಲ್ಕಕ್ಕೊಂದು ಉತ್ತಪ್ಪಾ! ಈರುಳ್ಳಿ ಬೇಡಾ!"

ಅಲ್ಲ, ಈರುಳ್ಳಿ ಬೇಡ ಎಂದು ನಾನು ಯಾವಾಗ ಹೇಳಿದೆ? ನನಗದು ನೆನಪೇ ಇಲ್ಲ. ತಿಂದ ಮೇಲೆ ಮಾತ್ರ ಗೊತ್ತಾಯಿತು, ನನಗೆ ಬೇಕಿದ್ದದ್ದು ಅದೇ.

ಸದಾಶಿವಣ್ಣನ ನೆನಪಿಗೆ ಪರೇಲಿನಲ್ಲಿ ಮೂರು ಚೀಟಿಗಳ ಸಾಕ್ಷಿಯಿತ್ತು. ನನ್ನ ನೆನಪುಗಳೂ ಎಲ್ಲೋ ಸರಿಯಾಗಿಯೇ ಪ್ರಿಂಟ್ ಆಗುತ್ತಿರಬೇಕು. ಯಾವ ಬ್ರಾಂಚಿಗೆ ಫೋನ್ ಮಾಡಲಿ?