ದೆವ್ವ ಹೊಡೆದವನ ಜಳಕ

ಗೆಳೆಯರೇ, ಇಂದು ಮಧ್ಯಾಹ್ನ ಕಂಪ್ಯೂಟರ್ ಗೇಮಿನಲ್ಲಿ ಕರಿ ಕೋಟಿನ ಪತ್ತೇದಾರನಾಗಿ ಐದು ದೆವ್ವಗಳಿಗೆ ಗುಂಡು ಹೊಡೆದೆ. ಹಿಂದೆ ಕೂತು ನೋಡುತ್ತಿದ್ದ ಅಜ್ಜಿ, ಅಂದರೆ ನಮ್ಮ ಆಯಿ, ನಾನು ಊಟಕ್ಕೆ ಎದ್ದ ಕೂಡಲೇ ತಡೆದಳು.

“ಐದ ಹೆಣಾ ಕೆಡವಿ ಹಂಗ ಅಡಗಿಮನಿಗಿ ಹೊಂಟಿ? ಮೈಲಿಗಿ ಆಗೈತಿ, ಜಳಕಾ ಮಾಡ್ಕೊಂಡ ಬಾ.”

“ಹೊಡದಾಂವ ಆ ಕರಿ ಕೋಟಿನಾಂವ, ಆಯಿ.”

“ಬಟನ್ ಒತ್ತಿದಾಂವ ನೀನ ಅಲ್ಲೇನು?”

ಅಥಣಿಯ ಈ ಚಳಿಯಲ್ಲಿ, ಬಿಸಿನೀರೂ ಇಲ್ಲದೆ ತಲೆಗೆ ನೀರು ಹಾಕಿಕೊಂಡು ನಡುಗುತ್ತಾ ಹೊರಬಂದೆ. ಮೌಸ್ ಆಯಿಯ ಕೈಯಲ್ಲಿತ್ತು. ಪರದೆಯ ಮೇಲೆ ಇನ್ನೆರಡು ದೆವ್ವ ಉರುಳಿದ್ದವು.

“ಈಗ ನಿನ್ನ ಜಳಕಾ?” ಎಂದೆ.

“ದೆವ್ವ ಅಂದ್ರ ಮೊದಲ ಸತ್ತಾವಲ್ಲೋ. ಸತ್ತಾವ್ರನ್ನ ಕೊಂದ್ರ ಎಲ್ಲೀ ಮೈಲಿಗಿ?”

ಈ ಶಾಸ್ತ್ರ ಆಯಿಗೆ ಹೊಳೆದದ್ದು ನನ್ನ ತಲೆಯ ಮೇಲೆ ಆರು ತಂಬಿಗೆ ತಣ್ಣೀರು ಬಿದ್ದ ಮೇಲೆ.