ಮೊಣಕೈ ಮೇಸ್ತ್ರಿಯ ಮನೆಯ ಅಡುಗೆಕಟ್ಟೆ

ಅಡುಗೆಮನೆ ಹೊಸದು ಮಾಡಿಸುವವರು ಮೊದಲು ಗೋಡೆ ತೋರಿಸುತ್ತಾರೆ. ಮರಗೆಲಸದ ಈ ಮೇಸ್ತ್ರಿ ಗೋಡೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಇಲ್ಲಿ ಅಡುಗೆ ಮಾಡುವವರು ಯಾರು, ಅವರನ್ನು ಕರೆಯಿರಿ ಎನ್ನುತ್ತಿದ್ದ. ಮನೆಯಾಕೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನಿಂತರೆ, ಮೊಣಕೈ ಮಡಚಲು ಹೇಳಿ ಅಲ್ಲಿಂದ ನೆಲಕ್ಕೆ ಟೇಪು ಇಳಿಬಿಡುತ್ತಿದ್ದ. ಬಂದ ಅಳತೆಯಲ್ಲಿ ಒಂದು ಮುಷ್ಟಿ ಕಳೆದರೆ ಅದೇ ಕಟ್ಟೆಯ ಎತ್ತರ. ಹೀಗಾಗಿ ಊರಿನವರು ಅವನಿಗೆ ಮೊಣಕೈ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಮೇಲೆ ಮೇಲೆ ಸಿಡಿಮಿಡಿಗೊಂಡರೂ ಆ ಹೆಸರಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ.

ಈ ವಿದ್ಯೆ ಯಾವ ಗುರುವೂ ಕಲಿಸಿದ್ದಲ್ಲ. ಕಸುಬು ಹಿಡಿದ ಹೊಸದರಲ್ಲಿ ಎಲ್ಲರಂತೆ ಅವನೂ ಎಲ್ಲ ಮನೆಗೂ ಒಂದೇ ಎತ್ತರದ ಕಟ್ಟೆ ಕೂರಿಸುತ್ತಿದ್ದ. ಒಮ್ಮೆ ಒಬ್ಬ ದರ್ಜಿಯ ಮನೆಯಲ್ಲಿ ಕೆಲಸ ಮುಗಿಸಿ ಕೈ ತೊಳೆಯುವಾಗ, ಆ ದರ್ಜಿ ಕಟ್ಟೆಯನ್ನೊಮ್ಮೆ ತನ್ನ ಹೆಂಡತಿಯನ್ನೊಮ್ಮೆ ನೋಡಿ, ನಾನು ಊರಿಗೆಲ್ಲ ಒಂದೇ ಅಳತೆಯ ಅಂಗಿ ಹೊಲಿದರೆ ನೀನು ಹಾಕಿಕೊಳ್ಳುತ್ತೀಯಾ ಎಂದು ಕೇಳಿದ್ದ. ಮಾತು ಮುಳ್ಳಿನ ಹಾಗೆ ನಾಟಿತು. ಮಾರನೇ ದಿನದಿಂದ ಮೇಸ್ತ್ರಿ ಮನುಷ್ಯರನ್ನು ಅಳೆಯತೊಡಗಿದ.

ಹಾಗಂತ ಚೆಂದವೇ ಬೇಡ ಎನ್ನುವ ಒರಟನಲ್ಲ. ಮೂಗಿಗಿಂತ ಮೂಗುತಿ ಭಾರವಾಗಬಾರದು ಎನ್ನುವುದಷ್ಟೇ ಅವನ ವಾದ. ಗಂಡ ಹೆಂಡತಿ ಬಣ್ಣಕ್ಕೂ ಬೀರುವಿಗೂ ಜಗಳಕ್ಕೆ ನಿಂತರೆ ನಡುವೆ ಕೂತು ಪಂಚಾಯಿತಿ ಮಾಡುತ್ತಿದ್ದ. ಬಾಗಿಲಲ್ಲಿ ನಿಂತವರ ಕಣ್ಣಿಗೆ ಬೀಳುವ ಗೋಡೆ ಚೆಂದಕ್ಕೆ, ಸೊಂಟದಿಂದ ಕೆಳಗಿನದೆಲ್ಲ ಕೆಲಸಕ್ಕೆ. ಅಲ್ಲಿಗೆ ಇಬ್ಬರ ಮಾನವೂ ಉಳಿಯುತ್ತಿತ್ತು, ಮೇಸ್ತ್ರಿಗೆ ಒಂದು ಲೋಟ ಚಹಾವೂ ಸಿಗುತ್ತಿತ್ತು.

ಇಷ್ಟೆಲ್ಲ ಊರಿಗಾಯಿತು. ಅವನ ಸ್ವಂತ ಮನೆಯ ಅಡುಗೆಮನೆ ಮಾತ್ರ ಅವನಮ್ಮನ ಕಾಲದ್ದು. ಅಮ್ಮ ಗಂಡಾಳಿನಷ್ಟು ಎತ್ತರದ ಹೆಂಗಸು. ಕಲ್ಲಿನ ಕಟ್ಟೆಯೂ ಆಕೆಗೆ ತಕ್ಕಂತೆ ಎತ್ತರದ್ದೇ. ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲದ ಆ ಇಕ್ಕಟ್ಟಿನ ಕೋಣೆಗೆ ಮೇಸ್ತ್ರಿ ಹೋಗುತ್ತಿದ್ದುದೇ ಅಪರೂಪ. ತಟ್ಟೆ ಹೊರಗಿನ ಕೋಣೆಗೆ ಬರುತ್ತಿತ್ತು, ಖಾಲಿಯಾಗಿ ಒಳಗೆ ಹೋಗುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಮಗಳು ಛೇಡಿಸಿದರೆ, ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದ. ಆ ಮುಂದಿನ ವರ್ಷ ಮೂವತ್ತು ವರ್ಷ ಮುಂದೆಯೇ ಉಳಿಯಿತು. ಹೆಂಡತಿ ಒಂದು ದಿನವೂ ಕೇಳಲಿಲ್ಲ. ಕೇಳದವಳಿಗೆ ಏನೂ ಬೇಡ ಎಂದು ತಿಳಿದುಕೊಳ್ಳುವುದು ಗಂಡಸರಿಗೆ ಬಹಳ ಸಲೀಸು.

ಕೊನೆಗೆ ಆ ಹೆಂಡತಿ ಅಡುಗೆಮನೆಯಲ್ಲಿ ಬಿದ್ದಳು. ಸೊಂಟದ ಮೂಳೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಹೇಗೆ ಬಿದ್ದೆ ಎಂದರೆ, ಕಾಲು ಜಾರಿತು ಎಂದಷ್ಟೇ ಹೇಳಿದಳು. ಡಾಕ್ಟರು ಮಾತ್ರ ಮುಚ್ಚುಮರೆ ಮಾಡಲಿಲ್ಲ. ಈ ಸಲ ಕೂಡಿಕೊಳ್ಳುತ್ತದೆ, ಇನ್ನೊಂದು ಸಲ ಬಿದ್ದರೆ ಒಲೆಯ ಮುಂದೆ ನಿಲ್ಲುವ ಮಾತೇ ಇಲ್ಲ ಎಂದರು. ಮಗಳು ಕೂಡಲೇ ಅಡುಗೆಯವಳನ್ನು ಗೊತ್ತು ಮಾಡುವ ಮಾತೆತ್ತಿದಳು. ಎಂದೂ ಎದುರಾಡದ ಹೆಂಡತಿ ಅಂದು ಮಂಚದಿಂದಲೇ, ಒಲೆ ಮುಂದೆ ಬೇರೆಯವರು ನಿಲ್ಲೋದಾದ್ರೆ ನಾನು ಈ ಮನೇಲಿ ಯಾವ ಕೆಲಸಕ್ಕೆ ಇರಲಿ ಎಂದು ಕೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳು ಅಳುತ್ತಿದ್ದಾಳೆ ಎಂದು ಮೇಸ್ತ್ರಿಗೆ ಗೊತ್ತಾಯಿತು. ಹಿಡಿದಿದ್ದ ಬೇರೆಯವರ ಕೆಲಸವನ್ನೆಲ್ಲ ವಾಪಸ್ಸು ಕೊಟ್ಟು, ಇವಳು ಬೀಳಲು ಸಾಧ್ಯವೇ ಇಲ್ಲದಂಥ ಅಡುಗೆಮನೆ ಮಾಡುತ್ತೇನೆ ಎಂದು ಹಟ ತೊಟ್ಟ.

ಹೆಂಡತಿ ಎದ್ದು ಓಡಾಡತೊಡಗಿದ ಮೇಲೆ ಒಂದು ಬೆಳಿಗ್ಗೆ ಟೇಪು ಹಿಡಿದು ಒಳಗೆ ಹೋದ. ಅವಳು ಹಳೆಯ ಕಟ್ಟೆಯ ಮುಂದೆ ನಿಂತು ಈರುಳ್ಳಿ ಹೆಚ್ಚುತ್ತಿದ್ದಳು. ಕೆಲಸ ನಿಲ್ಲಿಸಬೇಡ ಎಂದ. ಮೊಣಕೈ ಹೇಗೂ ಮಡಚಿಯೇ ಇತ್ತು. ಅವಳ ಬಟ್ಟೆಯ ಅಂಚು ಪಾದ ಮುಚ್ಚಿ ಇಳಿಬಿದ್ದಿತ್ತು. ಅದರ ಪಕ್ಕದಲ್ಲೇ ಟೇಪು ನೆಲಕ್ಕೆ ಇಳಿಯಿತು. ಅಳತೆ ಅವನು ಎಣಿಸಿದ್ದಕ್ಕಿಂತ ಕೊಂಚ ಹೆಚ್ಚೇ ಬಂತು. ಮನುಷ್ಯರು ಸುಳ್ಳು ಹೇಳಬಹುದು, ಟೇಪು ಹೇಳುವುದಿಲ್ಲ ಎಂದುಕೊಂಡು ಬರೆದುಕೊಂಡ.

ಇನ್ನು ಮಗಳು. ಎರಡು ಬೀದಿ ಆಚೆ ಗಂಡನ ಮನೆಯಿಂದ ಫೋನಿನ ತುಂಬ ಚಿತ್ರ ತುಂಬಿಕೊಂಡು ಬಂದಳು. ಹಾಲಿನಂಥ ಬಿಳಿ ಬಾಗಿಲುಗಳು, ಹಿಡಿಯೇ ಇಲ್ಲದ ಬೀರುಗಳು, ತೆರೆದ ಹಲಗೆಗಳ ಮೇಲೆ ನಾಲ್ಕೇ ನಾಲ್ಕು ಬಟ್ಟಲು. ಮೇಸ್ತ್ರಿ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿ, ಇದರಲ್ಲಿ ಒಂದು ಬಾಣಲೆಯೂ ಕಾಣುತ್ತಿಲ್ಲವಲ್ಲ, ಈ ಮನೆಯವರು ಉಪವಾಸವೇ ಎಂದು ಕೇಳಿದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವಂತೆ ಒಂದು ವಾರ ನಡೆಯಿತು. ಮಗಳೂ ಅಪ್ಪನ ರಕ್ತವೇ, ಸುಮ್ಮನೆ ಸೋಲುವವಳಲ್ಲ.

ಕಡೆಗೆ ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಬಾಗಿಲು ಬಿಳಿಯದೇ, ಆದರೆ ಎಣ್ಣೆ ಕೈಯ ಗುರುತು ಒಂದು ಸಲ ಒರೆಸಿದರೆ ಹೋಗುವಂಥದ್ದು. ಹೊರಗೆ ಚಾಚುವ ಹಿಡಿ ಬೇಡ, ಬಾಗಿಲಿನ ಅಂಚಿನಲ್ಲೇ ಬೆರಳು ಹೋಗುವಷ್ಟು ತೋಡು ಕೊರೆಯುವುದು. ಬಗ್ಗಿ ಹುಡುಕುವ ಕಪಾಟಿನ ಬದಲು ಪೂರ್ತಿ ಹೊರಗೆ ಬರುವ ಆಳವಾದ ಡ್ರಾಯರು, ಪಾತ್ರೆಗಳಿಗೆ. ತೆರೆದ ಹಲಗೆ ಒಂದೇ, ಕಿಟಕಿಯ ಪಕ್ಕ, ಮಗಳ ಬಟ್ಟಲುಗಳಿಗೆ. ಸಿಂಕು ಬೆಳಕಿಗೆ, ಒಲೆ ಅದಕ್ಕೆ ಎರಡು ಹೆಜ್ಜೆ ದೂರಕ್ಕೆ. ನೆಲಕ್ಕೆ ಜಾರದ ಒರಟು ಟೈಲ್ಸ್. ಹೆಂಡತಿ ಬಿದ್ದದ್ದಕ್ಕೆ ಅದೇ ಮದ್ದು ಎಂದು ಮೇಸ್ತ್ರಿ ಅದನ್ನು ಅಂಗಡಿ ಅಂಗಡಿ ಅಲೆದು ತಂದ. ಕಟ್ಟೆಯ ಮೇಲಿನ ಗೋಡೆಗೆ ಮಗಳು ಆರಿಸಿದ, ಬೂದು ಬಳ್ಳಿಯ ಚಿತ್ರವಿದ್ದ ಟೈಲ್ಸ್. ನಡುನಡುವೆ ಹೆಂಡತಿಯನ್ನು ಕರೆದು ತೋರಿಸಿದರೆ, ನೀವಿಬ್ಬರೂ ಬಲ್ಲವರು, ಹೇಗೋ ಮಾಡಿ ಎಂದು ಹೋಗುತ್ತಿದ್ದಳು.

ಹಳೆಯದನ್ನು ಕೂಲಿಯವರು ಬಂದು ಒಡೆದು ಹಿತ್ತಲಿಗೆ ಸಾಗಿಸಿದರು. ಹೊಸದು ಕೂತಿತು. ಗ್ರಾನೈಟು ಮೇಲೆ ಏರಿದ ದಿನ ಮೇಸ್ತ್ರಿ ಅದರ ಮೇಲೆ ಕೈಯಾಡಿಸಿ, ಬದುಕಿನಲ್ಲಿ ಇಷ್ಟು ಚೆನ್ನಾಗಿ ಯಾವ ಕೆಲಸವನ್ನೂ ಮಾಡಿಲ್ಲ ಎಂದುಕೊಂಡ. ಅದು ನಿಜವೂ ಆಗಿತ್ತು.

ಮಾರನೇ ಬೆಳಿಗ್ಗೆ ಹೆಂಡತಿ ಮೊದಲ ಸಲ ಒಲೆ ಹಚ್ಚಿದಳು. ಮೇಸ್ತ್ರಿ ಹೊರಗಿನ ಕೋಣೆಯಲ್ಲಿ ಪೇಪರು ಮುಂದಿಟ್ಟುಕೊಂಡು, ಒಂದು ಅಕ್ಷರವೂ ಓದದೆ, ಕಿವಿಯನ್ನೆಲ್ಲ ಒಳಗೆ ಇಟ್ಟು ಕೂತಿದ್ದ. ಏನಾದರೂ ಒಂದು ಮಾತು ಬರಲಿ ಎಂದು ಕಾಯುತ್ತಿದ್ದ. ಮಾತು ಬರಲಿಲ್ಲ. ಏನನ್ನೋ ನೆಲದ ಮೇಲೆ ಎಳೆಯುವ ಸದ್ದು ಬಂತು. ಸ್ವಲ್ಪ ಹೊತ್ತು ಬಿಟ್ಟು ಧಡಾರನೆ ಪಾತ್ರೆ ಬಿದ್ದ ಸದ್ದು.

ಓಡಿ ಹೋದಾಗ ಹೆಂಡತಿ ಎರಡೂ ಕೈಯಿಂದ ಕಟ್ಟೆಯ ಅಂಚು ಹಿಡಿದು ನಿಂತಿದ್ದಳು. ಕುದಿಯುತ್ತಿದ್ದ ನೀರು ಸಿಂಕಿನೊಳಗೆ ಚೆಲ್ಲಿ ಹಬೆಯಾಡುತ್ತಿತ್ತು. ಪುಣ್ಯಕ್ಕೆ ಮೈಮೇಲೆ ಬಿದ್ದಿರಲಿಲ್ಲ. ಅವಳ ಒಂದು ಕಾಲು ನೆಲದ ಮೇಲಿತ್ತು. ಇನ್ನೊಂದು ಕಾಲು ಬೋರಲು ಹಾಕಿದ ಹಾಲಿನ ಕ್ರೇಟಿನ ಮೇಲಿತ್ತು.

ಮೇಸ್ತ್ರಿ ಅವಳ ರಟ್ಟೆ ಹಿಡಿದು ಇಳಿಸಿ ಕುರ್ಚಿಯಲ್ಲಿ ಕೂರಿಸಿದ. ಇದನ್ನು ಯಾಕೆ ಹತ್ತಿದೆ ಎಂದು ಕೇಳಿದ.

"ನನ್ನ ಹಲಗೆ ಸಿಗಲಿಲ್ಲ. ಒಡೆಯೋಕೆ ಬಂದೋರು ಎಲ್ಲಿ ಹಾಕಿದ್ರೋ."

"ಯಾವ ಹಲಗೆ?"

ಹೆಂಡತಿ ಅವನ ಮುಖವನ್ನೇ ನೋಡಿದಳು. ಇವನು ತಮಾಷೆ ಮಾಡುತ್ತಿದ್ದಾನೋ ಏನೋ ಎಂದು ಅವಳಿಗೆ ಅನುಮಾನ. "ನಾನು ನಿಂತ್ಕೊಳ್ಳೋ ಹಲಗೆ. ಅದಿಲ್ದೆ ನನಗೆ ಕಟ್ಟೆ ಎಲ್ಲಿ ಎಟಕುತ್ತೆ? ಮದುವೆಯಾಗಿ ಬಂದಾಗಿಂದ ಅದರ ಮೇಲೇ ನಿಂತಿದ್ದೀನಲ್ಲ. ಅವತ್ತು ಬಿದ್ದಿದ್ದೂ ಅದರಿಂದ ಇಳಿಯೋವಾಗಲೇ."

ಮೇಸ್ತ್ರಿ ಹಿತ್ತಲಿಗೆ ಹೋಗಿ ಕಲ್ಲುಮಣ್ಣಿನ ರಾಶಿ ಕೆದಕಿದ. ಹಲಗೆ ಸಿಕ್ಕಿತು. ಅವನದೇ ಮರಗೆಲಸದಲ್ಲಿ ಉಳಿದ ತುಂಡು, ಅಡಿಯಲ್ಲಿ ಎರಡು ದಪ್ಪ ಅಡ್ಡಪಟ್ಟಿ, ಸೊಟ್ಟಸೊಟ್ಟ ಹೊಡೆದ ಮೊಳೆ. ಬಡಗಿಯ ಹೆಂಡತಿ ತನ್ನ ಕೈಯಾರೆ ಬಡಿದುಕೊಂಡದ್ದು. ಮೇಲ್ಭಾಗದಲ್ಲಿ ಎರಡು ಪಾದಗಳ ಜಾಗ ಸವೆದು ತಗ್ಗಾಗಿತ್ತು. ಅಂದು ಅಳತೆ ಹಿಡಿದಾಗ ಅವಳು ಇದರ ಮೇಲೆ ನಿಂತಿದ್ದಳು, ಟೇಪು ಇದರ ಪಕ್ಕದಿಂದ ನೆಲಕ್ಕೆ ಇಳಿದಿತ್ತು. ಊರಿನ ಹೆಂಗಸರಿಗೆಲ್ಲ ಚಪ್ಪಲಿ ಬಿಟ್ಟು ನಿಲ್ಲಿ ಎನ್ನುವವನು ಮನೆಯವಳ ಕಾಲ ಕೆಳಗೆ ಬಗ್ಗಿ ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ. ಮೇಸ್ತ್ರಿ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ರಾಶಿಯ ಪಕ್ಕದಲ್ಲೇ ಕೂತ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ದುಃಖವಾಯಿತು.

ಒಳಗೆ ಬಂದು, "ಅಳತೆ ತಗೊಳ್ಳೋವಾಗಲಾದ್ರೂ ಹೇಳಬಾರದಿತ್ತಾ?" ಎಂದ.

"ಹೇಳೋದೇನು? ಊರಲ್ಲಿ ಯಾರ ಮೊಣಕೈ ಎಲ್ಲಿದೆ ಅಂತ ನಿಮಗೆ ಗೊತ್ತು. ನನ್ನದೂ ಗೊತ್ತಿರುತ್ತೆ ಅಂದ್ಕೊಂಡೆ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮೇಸ್ತ್ರಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅವನು ಟೇಪು ತಂದು, ಬರಿಗಾಲಲ್ಲಿ ನೆಲದ ಮೇಲೆ ನಿಲ್ಲಲು ಹೇಳಿ, ತಾನು ಮಂಡಿಯೂರಿ ಕೂತ. ಬಟ್ಟೆಯ ಅಂಚು ಸರಿಸಿ ಹಿಮ್ಮಡಿ ನೆಲಕ್ಕೆ ತಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿದ. ಅವಳಿಗೆ ಕಚಗುಳಿಯಾಗಿ ಕಾಲು ಹಿಂದಕ್ಕೆ ಎಳೆದುಕೊಂಡಳು. ಟೇಪಿನ ಮೇಲಿನ ತುದಿಯನ್ನು ಅವಳೇ ಮೊಣಕೈಗೆ ಹಿಡಿದುಕೊಂಡಳು.

ಗ್ರಾನೈಟು ಇಳಿಸಲು ಆಳುಗಳು ಮತ್ತೆ ಬರಬೇಕಾಯಿತು. ಅಪ್ಪನಿಗೆ ಅರಳುಮರುಳು ಎಂದುಕೊಂಡೇ ಮಗಳು ಓಡಿಬಂದಳು. ವಿಷಯ ಕೇಳಿದ ಮೇಲೆ ಹಲಗೆಯನ್ನು ಎತ್ತಿ ಸವೆದ ಜಾಗದ ಮೇಲೆ ಬೆರಳಾಡಿಸಿದಳು. ಆ ಮನೆಯಲ್ಲೇ ಹುಟ್ಟಿ ಬೆಳೆದ ಅವಳೂ ಅದರ ಬಗ್ಗೆ ಒಂದು ದಿನ ಯೋಚಿಸಿರಲಿಲ್ಲ. ಮೇಸ್ತ್ರಿ ಬೀರುಗಳ ಬುಡವನ್ನೆಲ್ಲ ಗರಗಸದಿಂದ ಕುಯ್ದು ತಗ್ಗಿಸಿದ. ಅಷ್ಟು ನಾಜೂಕಾಗಿ ಕೂರಿಸಿದ್ದನ್ನು ತಾನೇ ಕುಯ್ಯುವಾಗ ಅವನಿಗೆ ಒಂದಿಷ್ಟೂ ಬೇಸರವಾಗಲಿಲ್ಲ.

ಕಟ್ಟೆ ಇಳಿಯಿತು. ಹೆಂಡತಿ ನೆಲದ ಮೇಲೆ ನಿಂತು ಹೆಚ್ಚಿದಳು, ಕಲಸಿದಳು, ಬಿಸಿ ಪಾತ್ರೆ ಹಿಡಿದು ಒಲೆಯಿಂದ ಸಿಂಕಿಗೆ ಎರಡು ಹೆಜ್ಜೆ ನಡೆದಳು. ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಒಂದೇ ಕೊರತೆ ಎಂದರೆ, ಕಟ್ಟೆಗೂ ಮಗಳ ಬೂದು ಬಳ್ಳಿಗೂ ನಡುವೆ ಆ ಹಲಗೆಯ ಎತ್ತರದಷ್ಟೇ, ಆರು ಬೆರಳು ಅಗಲದ ಬರೀ ಸಿಮೆಂಟಿನ ಪಟ್ಟಿ ಗೋಡೆಯ ಉದ್ದಕ್ಕೂ ಬಾಯಿ ಬಿಟ್ಟುಕೊಂಡಿತ್ತು. ಆ ಟೈಲ್ಸ್ ಅಂಗಡಿಯಲ್ಲಿ ಮುಗಿದುಹೋಗಿತ್ತು. ಅದನ್ನು ನೋಡಿ ಮಗಳ ಮುಖ ಚಿಕ್ಕದಾಯಿತು.

ಮೇಸ್ತ್ರಿ ಆ ಪಟ್ಟಿಯ ಮುಂದೆ ಹೋಗಿ ನಿಂತ. "ಅದು ಹಾಗೇ ಇರಲಿ. ಬಂದೋರು ಕೇಳ್ತಾರೆ. ಮೂವತ್ತು ವರ್ಷ ನನ್ನ ಕಣ್ಣಿಗೆ ಬೀಳದೆ ಇದ್ದದ್ದು ಇಷ್ಟು ಅಂತ ನಾನೇ ಹೇಳ್ತೀನಿ." ಹೇಳುವಾಗ ಅವನ ಕಣ್ಣು ಒದ್ದೆಯಾಯಿತು. ಇಷ್ಟು ದೊಡ್ಡ ಮಾತು ಆಡಿದ್ದಕ್ಕೆ ಒಳಗೆ ಸ್ವಲ್ಪ ಸಮಾಧಾನವೂ ಆಗಿತ್ತೆನ್ನಿ.

ಹೆಂಡತಿ ಹೆಚ್ಚುತ್ತಿದ್ದ ಕೈ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

"ನಿಮ್ಮ ತಪ್ಪನ್ನ ಊರಿಗೆಲ್ಲ ತೋರಿಸೋಕೆ ನನ್ನ ಅಡುಗೆಮನೆನೇ ಬೇಕಾ? ಮುಚ್ಚಿ ಅದನ್ನ. ನೋಡೋಕೆ ಚೆನ್ನಾಗಿಲ್ಲ."

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಬಿಳಿಯೋ ಬೂದೋ, ಹಿಡಿಯೋ ತೋಡೋ ಎಂದು ಒಂದು ವಾರ ಕಚ್ಚಾಡಿದ್ದರು. ಚೆನ್ನಾಗಿ ಕಾಣುವುದು ಅವಳಿಗೂ ಬೇಕಿರಬಹುದು ಎಂದು ಇಬ್ಬರ ತಲೆಗೂ ಹೊಳೆದಿರಲಿಲ್ಲ.

ಮೇಸ್ತ್ರಿ ಮೆಲ್ಲಗೆ, "ಯಾವ ಬಣ್ಣದ್ದು ಹಾಕಲಿ?" ಎಂದು ಕೇಳಿದ.

"ಹಸಿರು" ಎಂದಳು ಅವಳು, ಒಂದು ಕ್ಷಣವೂ ಯೋಚಿಸದೆ.