ಎದುರು ಪಕ್ಷದ ಮೂರು ನಿಮಿಷ

ಕಾಲೇಜಿನಲ್ಲಿ ನಮಗೆ ಚರ್ಚಾಸ್ಪರ್ಧೆ ಕಲಿಸಿದ ಮೇಡಂ ಒಂದು ನಿಯಮ ಇಟ್ಟಿದ್ದರು. ಗೆದ್ದವರು ಕೊನೆಗೆ ಎದ್ದು ನಿಂತು ಸೋತವರ ಪರವಾಗಿ ಮೂರು ನಿಮಿಷ ಮಾತಾಡಬೇಕು. ಕಾಟಾಚಾರಕ್ಕಲ್ಲ, ಸೋತವರು 'ನಾನು ಹೇಳಬೇಕಾಗಿದ್ದದ್ದು ಇದೇ' ಅನ್ನಬೇಕು. ನನಗೆ ಆ ನಿಯಮ ಯಾವತ್ತೂ ಹಿಡಿಸಲಿಲ್ಲ. ಗೆದ್ದ ಮೇಲೆ ಮತ್ತೇನು?

ನಿವೃತ್ತರಾದ ಮೇಲೆ ಮೇಡಂ ಲಿಂಗರಾಜಪುರದ ಮನೆಯಲ್ಲಿ ಕೂತು, ಹಂಗೇರಿಯ ಕವಿಯೊಬ್ಬನನ್ನು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತಂದರು. ಆರು ವರ್ಷದ ಕೆಲಸ. ಹಲಸೂರಿನಲ್ಲಿ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಸೇರುತ್ತೇವೆ; ಅಲ್ಲಿಗೆ ಹಸ್ತಪ್ರತಿ ತಂದು, "ಅಚ್ಚಾಗೋ ಮುಂಚೆ ಬೈಯೋದಿದ್ರೆ ಬೈದ್ಬಿಡಿ" ಅಂದರು.

ಬೈಯೋದರಲ್ಲಿ ನಾನು ಮುಂದು. ಮುನ್ನುಡಿಯಲ್ಲಿ ಕವಿಯ ಜೀವನವಿತ್ತು: ಬಡಗಿಯ ಮಗ, ಶಾಲಾಮಾಸ್ತರು, ಸರ್ಕಾರಕ್ಕೆ ಬಗ್ಗದ್ದಕ್ಕೆ ಹತ್ತು ವರ್ಷ ಅವನ ಕವಿತೆ ಅಚ್ಚಾಗಲಿಲ್ಲ, ಮಕ್ಕಳ ಪದ್ಯ ಬರೆದು ಹೊಟ್ಟೆ ಹೊರೆದ. ನಾನು ಅಲ್ಲೇ ಫೋನಿನಲ್ಲಿ ಹುಡುಕಿದೆ. ಅದಕ್ಕೂ ಮುಂಚೆ ಅದೇ ಸರ್ಕಾರದ ನಾಯಕನನ್ನು ಹೊಗಳಿ ಒಂದು ಪದ್ಯ ಬರೆದಿದ್ದ. ಮೇಡಂ ಅದನ್ನು ಬಿಟ್ಟಿದ್ದರು.

"ಬೇಡದ್ದನ್ನ ಬಿಟ್ಟು ಅವನನ್ನ ಹುತಾತ್ಮ ಮಾಡಿದೀರ ಮೇಡಂ. ಇದು ಅನುವಾದ ಅಲ್ಲ, ವಕಾಲತ್ತು."

ಪಕ್ಕದಲ್ಲಿದ್ದ ಗೆಳೆಯ ತಿವಿದ. "ಸಾಕು ಮಗಾ, ಇದೇನು ಫೈನಲ್ಸಾ?"

ನಾನು ನಿಲ್ಲಿಸಲಿಲ್ಲ. ಮೇಡಂ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡರು. ವಾರದ ಮೇಲೆ ಅದೇ ಗೆಳೆಯ ಹೇಳಿದ, ಮೇಡಂ ಪುಸ್ತಕವೇ ಬೇಡ ಅಂತ ಪ್ರಕಾಶಕರಿಗೆ ತಿಳಿಸಿಬಿಟ್ಟಿದ್ದಾರಂತೆ.

ನನ್ನ ವಾದದಲ್ಲಿ ತಪ್ಪಿರಲಿಲ್ಲ. ಈಗಲೂ ಹಾಗೇ ಹೇಳುತ್ತೇನೆ. ಆದರೂ ಭಾನುವಾರ ರಸೆಲ್ ಮಾರುಕಟ್ಟೆಯಲ್ಲಿ ಸೀತಾಫಲ ಕೊಂಡು ಅವರ ಮನೆಗೆ ಹೋದೆ.

"ಕ್ಷಮೆ ಕೇಳೋಕೆ ಬಂದ್ಯಾ?"

"ಇಲ್ಲ ಮೇಡಂ. ಪುಸ್ತಕ ನಿಲ್ಲಿಸ್ಬೇಡಿ ಅನ್ನೋಕೆ ಬಂದೆ."

"ಹಾಗಾದ್ರೆ ನಿನ್ನ ಮೂರು ನಿಮಿಷ ಇನ್ನೂ ಇದೆ. ಆ ಕವಿ ಪರವಾಗಿ ಮಾತಾಡು." ಗೋಡೆ ಗಡಿಯಾರ ನೋಡಿದರು.

ಅರ್ಧ ನಿಮಿಷಕ್ಕೆ ನನ್ನ ಮಾತು ಮುಗಿಯಿತು. ಮುನ್ನುಡಿ ಬಾಯಿಪಾಠವಿತ್ತು, ಪದ್ಯ ಒಂದನ್ನೂ ಓದಿರಲಿಲ್ಲ.

"ಪೀಠಿಕೆ ಓದ್ಕೊಂಡೇ ಗೆಲ್ಲೋದನ್ನ ನಾನೇ ಕಲಿಸಿದೆ ಅನ್ಸುತ್ತೆ" ಅಂದು, ಹಸ್ತಪ್ರತಿಯನ್ನು ನನ್ನ ಮುಂದಿಟ್ಟು ಸೀತಾಫಲ ತಿನ್ನುತ್ತಾ ಕೂತರು.

ಮಧ್ಯಾಹ್ನದವರೆಗೆ ಓದಿದೆ. ಕೆಲವು ಪದ್ಯ ಸಪ್ಪೆ. ಮಕ್ಕಳ ಪದ್ಯವೊಂದರಲ್ಲಿ ಒಂದು ಹುಂಜ, ರಾಜನ ಹುಟ್ಟುಹಬ್ಬಕ್ಕೆಂದು ಬೆಳಗಾಗುವ ಮೊದಲೇ ಕೂಗಿಬಿಡುತ್ತದೆ. ಆಮೇಲೆ ಬದುಕಿರುವವರೆಗೂ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲುತ್ತದೆ.

"ಈ ಹುಂಜ ಅವನೇ ಅಲ್ವಾ ಮೇಡಂ?"

"ನೀನೇ ಹೇಳು."

"ಆ ಹೊಗಳಿಕೆ ಪದ್ಯ ಗೊತ್ತಿಲ್ಲದವರಿಗೆ ಇದು ಬರೀ ಹುಂಜ. ಅದನ್ನೂ ಹಾಕಿ. ಇವನ ಪರವಾಗಿ ನಾನು ಹೇಳೋದು ಇಷ್ಟೇ."

ಮೇಡಂ ಸೀತಾಫಲದ ಬೀಜ ಒಟ್ಟುಮಾಡಿದರು. "ಅದನ್ನ ಕನ್ನಡದಲ್ಲಿ ಬರೆಯೋಕೆ ನಂಗೇ ನಾಚಿಕೆ ಆಯ್ತು ಕಣೋ. ಅಷ್ಟು ಕೆಟ್ಟದಾಗಿದೆ."

"ಕೆಟ್ಟದಾಗೇ ಬರೀರಿ."

"ನೀನು ಬರಿ."

ಮೇಡಂ ಪ್ರಕಾಶಕರಿಗೆ ಫೋನ್ ಮಾಡಿ, ಪುಸ್ತಕ ಬರುತ್ತೆ, ಒಂದು ಪದ್ಯ ಜಾಸ್ತಿ ಇರುತ್ತೆ ಅಂದರು. ಆ ಪದ್ಯವನ್ನು ನಾನು ಇಂಗ್ಲಿಷಿನಿಂದ ಮೂರು ಸಲ ಕನ್ನಡಕ್ಕೆ ಮಾಡಿಕೊಟ್ಟೆ. ಮೂರು ಸಲವೂ, "ಇಷ್ಟು ಚೆನ್ನಾಗಿ ಬರೆದಿಲ್ಲ ಅವನು" ಅಂತ ವಾಪಸ್ ಕೊಟ್ಟರು.